ಗುಂಡಿ ಮಗ್ಗದಲ್ಲಿ ನೂರು ಪಿಟೀಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ಬರುವುದಿಲ್ಲ. ನಾನು ಹಾಡಲು ಬಾಯಿ ತೆರೆದರೆ ನಮ್ಮ ಮನೆಯ ಬೆಕ್ಕು ಎದ್ದು ಆಚೆ ಹೋಗುತ್ತದೆ. ಮೊಳಕಾಲ್ಮೂರಿನಲ್ಲಿ ಗುಂಡಿ ಮಗ್ಗಕ್ಕೆ ಇಳಿದು ಕೂತು ರೇಷ್ಮೆ ಸೀರೆ ನೇಯುವುದು ನನ್ನ ಕೆಲಸ. ಅಂಥವಳಿಗೆ ಒಂದು ವಿಚಿತ್ರ ಹುಚ್ಚು. ಮುನ್ನೂರು ವರ್ಷದ ಹಿಂದೆ ಯುರೋಪಿನ ಯಾವುದೋ ಚರ್ಚಿನಲ್ಲಿ ಒಬ್ಬನೇ ಕೂತು ನುಡಿಸುತ್ತಿದ್ದ ಸಂಗೀತವನ್ನು ಆಮೇಲೆ ಬಂದವರು ನೂರು ಜನರ ಆರ್ಕೆಸ್ಟ್ರಾಕ್ಕೆ ಅಂತ ಹಿಗ್ಗಿಸಿ ಬರೆದಿದ್ದಾರಲ್ಲ, ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲ ಸೇರಿಸಿ, ಅದನ್ನು ಕೇಳುವ ಹುಚ್ಚು. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಮದುವೆ ರಿಸೆಪ್ಷನ್‌ನಲ್ಲಿ ಸಿನಿಮಾ ಹಾಡು ಹೇಳುವವರು. ಯಾರಿಗಾದರೂ ಇದನ್ನು ವಿವರಿಸಲು ಹೋದರೆ, "ಯಾವ ಪಿಕ್ಚರ್‌ದು?" ಅಂತ ಕೇಳುತ್ತಾರೆ. ವಿವರಿಸುವುದನ್ನೇ ಬಿಟ್ಟಿದ್ದೇನೆ.

ಹುಚ್ಚು ಹಿಡಿಸಿದವಳು ಒಬ್ಬ ಗೆಳತಿ. ಮದುವೆಗೆ ಮುಂಚೆ ನಾನು ಚಳ್ಳಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದೆ, ಅವಳು ಮ್ಯೂಸಿಕ್ ಟೀಚರ್. ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯೇ ಅವಳ ಸಂಗೀತದ ಕ್ಲಾಸು. ಮಧ್ಯಾಹ್ನ ಅಲ್ಲೇ ಕೂತು ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದೆವು. ಒಂದು ದಿನ ಅವಳು, "ಒಂದೇ ಪೀಸನ್ನ ಎರಡು ಥರ ಕೇಳಿಸ್ತೀನಿ, ಯಾವ್ದು ಚೆನ್ನಾಗೈತೆ ಹೇಳು" ಅಂದಳು.

ಮೊದಲು ಚರ್ಚಿನ ಆರ್ಗನ್ ವಾದ್ಯ ಒಂದೇ. ಅದರಲ್ಲಿ ಕೆಳಗಿನ ಸ್ವರಗಳ ಒಂದು ಗಿಡ್ಡ ಸಾಲಿದೆ. ನುಡಿಸುವವನು ಅದನ್ನು ಕೈಯಲ್ಲಲ್ಲ, ಮರದ ಪಟ್ಟಿಗಳನ್ನು ಕಾಲಲ್ಲಿ ತುಳಿದು ನುಡಿಸುತ್ತಾನಂತೆ. ಆ ಸಾಲು ಮುಗಿದ ಕೂಡಲೇ ಮತ್ತೆ ಅದೇ ಸಾಲು, ಮೊದಲಿಂದ ಕೊನೆವರೆಗೂ ಅದೇ. ಮೇಲೆ ಕೈಗಳು ಓಡುತ್ತವೆ, ಹತ್ತುತ್ತವೆ, ಆಟವಾಡುತ್ತವೆ. ಕಾಲು ಮಾತ್ರ ಬಿಡಿಸಿಕೊಳ್ಳಲಾಗದೆ ಅಲ್ಲೇ ಸುತ್ತುತ್ತಿರುತ್ತದೆ. ಚೆನ್ನಾಗಿತ್ತು. ಒಣರೊಟ್ಟಿ ಚೆನ್ನಾಗಿರುತ್ತದಲ್ಲ, ಹಾಗೆ.

ಆಮೇಲೆ ಅದನ್ನೇ ಆರ್ಕೆಸ್ಟ್ರಾದಲ್ಲಿ ಹಾಕಿದಳು. ಆ ಗಿಡ್ಡ ಸಾಲನ್ನು ಆಳೆತ್ತರದ ದೊಡ್ಡ ಪಿಟೀಲುಗಳು ಗುಂಯ್ ಅಂತ ಎತ್ತಿಕೊಂಡವು. ಒಂದೊಂದು ಸುತ್ತಿಗೂ ಯಾರೋ ಹೊಸಬರು ಬಂದು ಸೇರಿಕೊಳ್ಳುತ್ತಿದ್ದರು. ಕೊಳಲುಗಳು ಬಂದವು, ಸಣ್ಣ ಪಿಟೀಲುಗಳು ಹಿಂಡುಹಿಂಡಾಗಿ ಬಂದವು, ಹಾರ್ಪಿನ ತಂತಿ ನೀರು ಚೆಲ್ಲಿದ ಹಾಗೆ ಮೇಲಿಂದ ಇಳಿಯಿತು. ಕೊನೆಗೆ ಹಿತ್ತಾಳೆ ವಾದ್ಯಗಳೆಲ್ಲ ಒಟ್ಟಿಗೆ ಎದ್ದಾಗ ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು. ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ, ಅಳ್ತಿದೀಯಲ್ಲೇ!" ಅಂತ ಅವಳು ಬಿದ್ದು ಬಿದ್ದು ನಕ್ಕಳು. "ಇದು ಮೋಸ ಕಣೇ. ಬರೆದೋನು ಇಷ್ಟೊಂದು ತುಪ್ಪ ಕೇಳಿರ್ಲಿಲ್ಲ. ಓದಿಕೊಂಡೋರು ಇದನ್ನ ಕೇಳಿದ್ರೆ ಮೂಗು ಮುರೀತಾರೆ."

"ಮುರೀಲಿ ಬಿಡು. ಅವನ ಹತ್ರ ಆವಾಗ ತುಪ್ಪ ಇರ್ಲಿಲ್ಲ, ಇವರ ಹತ್ರ ಇತ್ತು, ಹಾಕಿದ್ರು. ತಪ್ಪೇನು?"

ಈ ಜಗಳ ನಮ್ಮಿಬ್ಬರಲ್ಲಿ ಇವತ್ತಿಗೂ ಮುಗಿದಿಲ್ಲ. ಅವಳು ಶುದ್ಧದ ಕಡೆ. ಹಳೆಯ ಸಂಗೀತವನ್ನು ಹಳೆಯ ಕಾಲದ ವಾದ್ಯದಲ್ಲೇ, ಕುರಿಯ ಕರುಳಿನಿಂದ ಮಾಡಿದ ತಂತಿಯಲ್ಲೇ, ಆ ಕಾಲದಲ್ಲಿ ಎಷ್ಟು ಜನ ನುಡಿಸುತ್ತಿದ್ದರೋ ಅಷ್ಟೇ ಜನ ನುಡಿಸಬೇಕು ಅನ್ನುತ್ತಾಳೆ. ಈ ಶುದ್ಧದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಿಂದೆ ಹೇಗಿತ್ತೋ ಹಾಗೇ ಇರಬೇಕು ಅನ್ನುವ ಮಾತನ್ನು ಸೊಸೆಯಾದವಳು ಮನೆಯಲ್ಲೇ ಬೇಕಾದಷ್ಟು ಕೇಳಿರುತ್ತಾಳೆ. ಸಂಗೀತದಲ್ಲೂ ಅದನ್ನೇ ಕೇಳಬೇಕಾ? ಆ ಮನುಷ್ಯ ಚಳಿಯಲ್ಲಿ ಒಬ್ಬನೇ ಕೂತು ಕಾಲು ತುಳಿಯುತ್ತಿದ್ದಾಗ ಅವನ ತಲೆಯೊಳಗೆ ನೂರು ಜನ ನುಡಿಸುತ್ತಿರಲಿಲ್ಲ ಅಂತ ಯಾರು ಹೇಳಿದರು?

ಮದುವೆಯಾಗಿ ಮೊಳಕಾಲ್ಮೂರಿಗೆ ಬಂದೆ. ನಮ್ಮಪ್ಪನದು ಚಳ್ಳಕೆರೆಯಲ್ಲಿ ಬಟ್ಟೆ ಅಂಗಡಿ. ಸೀರೆ ಮಾರುವುದು ಗೊತ್ತಿತ್ತು, ನೇಯುವುದು ಗೊತ್ತಿರಲಿಲ್ಲ. ಇಲ್ಲಿ ಹಜಾರದಲ್ಲೇ ಮಗ್ಗ. ನಮ್ಮ ಮಾವ ಇದ್ದಾಗ ಮಧ್ಯದಲ್ಲಿ ಅವರು ಕೂರುತ್ತಿದ್ದರು, ಬಲಗಡೆ ಅತ್ತೆ. ನಾವು ನೇಯುವುದು ಮೂರು ಲಾಳಿ ಸೀರೆ. ಒಡಲಿನದೊಂದು ಬಣ್ಣ, ಎರಡೂ ಅಂಚಿನದು ಬೇರೆ ಬಣ್ಣ, ಮೂರಕ್ಕೂ ಬೇರೆಬೇರೆ ಲಾಳಿ. ಬಲಗಡೆಯ ಅಂಚಿನ ಲಾಳಿ ಎಸೆಯಲು ಎರಡನೆಯ ಮನುಷ್ಯ ಬೇಕೇ ಬೇಕು. ಮಾವ ತೀರಿಕೊಂಡ ಮೇಲೆ ಮಧ್ಯದ ಜಾಗ ಖಾಲಿಯಾಯಿತು. ನಮ್ಮ ಯಜಮಾನರಿಗೆ ಮಗ್ಗ ಅಂದರೆ ಆಗದು, ಅವರು ಗೂಡ್ಸ್ ಆಟೋ ಓಡಿಸುತ್ತಾರೆ. ಅತ್ತೆಗೆ ಒಂದೊಂದು ಎಳೆಯನ್ನೂ ಜೋರಾಗಿ ಬಡಿದು ಕೂರಿಸುವಷ್ಟು ಭುಜದಲ್ಲಿ ಶಕ್ತಿ ಉಳಿದಿರಲಿಲ್ಲ. "ಕೂತ್ಕೋಮ್ಮ, ಕಲಿಸ್ತೀನಿ" ಅಂದರು. ಕೂತೆ, ಅಷ್ಟೇ.

ಕೂತವಳು ಏಳುವುದು ಹೇಗೆ ಅನ್ನುವುದನ್ನು ಮಾತ್ರ ಅವರು ಕಲಿಸಲಿಲ್ಲ. ಆ ಮಗ್ಗದಲ್ಲಿ ಒಬ್ಬರು ಎದ್ದರೆ ಇಬ್ಬರೂ ಎದ್ದ ಹಾಗೆ. ನನಗೆ ಬಾಯಾರಿದರೆ ಅವರ ಕೈ ನಿಲ್ಲುತ್ತದೆ, ಅವರಿಗೆ ಕೆಮ್ಮು ಬಂದರೆ ನನ್ನ ಕಾಲು ನಿಲ್ಲುತ್ತದೆ. ಬಚ್ಚಲಿಗೂ ಇಬ್ಬರೂ ಹೊತ್ತು ಹೊಂದಿಸಿಕೊಂಡೇ ಹೋಗುತ್ತೇವೆ. ಗುಂಡಿಯಲ್ಲಿ ಕೂತರೆ ಬಾಗಿಲಾಚೆ ಕಾಣುವುದು ಬೀದಿಯ ಕಾಲುಗಳು, ಸೈಕಲ್ ಚಕ್ರ, ನಾಯಿಯ ಮೂತಿ. ಯಾರ ಮುಖವೂ ಕಾಣುವುದಿಲ್ಲ. ನಡುವೆ ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುವಂತೆಯೂ ಇಲ್ಲ. ಪ್ರತಿಯೊಬ್ಬರ ಪೆಟ್ಟು ಬೇರೆ, ಪೆಟ್ಟು ಬದಲಾದರೆ ಬಟ್ಟೆಯಲ್ಲಿ ಗೊತ್ತಾಗುತ್ತದೆ. ಕೆಲವು ದಿನ ಬೆಳಿಗ್ಗೆ ಗುಂಡಿಗೆ ಕಾಲು ಇಳಿಬಿಡುವಾಗ ಉಸಿರು ಕಟ್ಟಿದ ಹಾಗಾಗುತ್ತದೆ. ಅತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಎದ್ದು ಹೋಗುವುದು ಸುಲಭವಿತ್ತು.

ಹೀಗಿರುವಾಗ ಗೆಳತಿಯ ಫೋನ್ ಬಂತು. ಅವಳು ಈಗ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲ್ ಕಡೆ, ವಿಜ್ಞಾನಿಗಳ ಮಕ್ಕಳು ಓದುವ ಶಾಲೆಯಲ್ಲಿ ಟೀಚರ್.

"ಲೇ, ಕೂತಿದೀಯಾ ನಿಂತಿದೀಯಾ?"

"ಗುಂಡೀಲಿ ಇದೀನಿ."

"ಹಂಗಾದ್ರೆ ಬೀಳಲ್ಲ ಬಿಡು. ಬೆಂಗ್ಳೂರಿಗೆ ಫಾರಿನ್ ಆರ್ಕೆಸ್ಟ್ರಾ ಬರ್ತೈತೆ. ಏನು ನುಡಿಸ್ತಾರೆ ಗೊತ್ತಾ? ನಿನ್ನ ತುಪ್ಪದ್ದು! ಅದೇ ಪೀಸು. ನಮ್ಮ ಸ್ಕೂಲಿಂದ ಟೀಚರ್‌ಗಳೆಲ್ಲ ವ್ಯಾನ್ ಮಾಡ್ಕೊಂಡು ಹೊರಟಿದೀವಿ, ಶನಿವಾರ ಹೋಗಿ ಭಾನುವಾರ ಬೆಳಿಗ್ಗೆ ವಾಪಸ್. ಒಂದು ಪಾಸ್ ಜಾಸ್ತಿ ಐತೆ. ಬರ್ತೀಯಾ ಇಲ್ವಾ?"

ನಾನು ಈ ಸಂಗೀತವನ್ನು ಕೇಳಿದ್ದೆಲ್ಲ ಮೊಬೈಲಿನಲ್ಲಿ, ಅದೂ ಒಂದೇ ಕಿವಿಗೆ ವೈರು ಸಿಕ್ಕಿಸಿಕೊಂಡು. ಇನ್ನೊಂದು ಕಿವಿ ಅತ್ತೆ ಕರೆದರೆ ಕೇಳಲು ಬೇಕಲ್ಲ.

"ನೂರು ಜನಾನ ಬೆಂಕಿಪೊಟ್ಟಣದೊಳಗೆ ತುಂಬ್ಕೊಂಡು ಕೇಳಿ ಸಾಕು" ಅಂದಳು ಗೆಳತಿ. "ಒಂದ್ಸಲ ಎದುರಿಗೆ ಕೂತು ಕೇಳು. ಆಮೇಲೆ ಜಗಳ ಆಡೋಣ."

ಒಂದು ಸಲ, ಜೀವಮಾನದಲ್ಲಿ ಒಂದೇ ಸಲ, ಆ ದೊಡ್ಡ ಪಿಟೀಲುಗಳು ನನ್ನ ಎದುರಿಗೇ ಗುಂಯ್ ಅನ್ನುವುದನ್ನು ಕೇಳಬೇಕು. ನನಗೆ ಬೇರೇನೂ ಬೇಡವಾಗಿತ್ತು. ಒಡವೆ ಬೇಡ, ತಿರುಪತಿ ಬೇಡ.

ಅತ್ತೆಯನ್ನು ಸಂಜೆ ಕೇಳಿದೆ. ಎಲೆ ಅಡಿಕೆ ಹಾಕಿಕೊಂಡು ಸಮಾಧಾನವಾಗಿ ಕೂತಿರುವ ಹೊತ್ತು ನೋಡಿಯೇ ಕೇಳಿದೆ.

"ಬೆಂಗ್ಳೂರಾ? ಏನೈತೆ ಅಲ್ಲಿ?"

"ಸಂಗೀತ ಅತ್ತೆ. ನೂರು ಜನ ಕೂತು ನುಡಿಸ್ತಾರಂತೆ."

"ನೂರು ಜನಾನಾ? ಅಷ್ಟು ಜನಕ್ಕೆ ಅಡುಗೆ ಯಾರು ಮಾಡ್ತಾರೆ?" ಅಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಬಹಳ ಹೊತ್ತು ಅಗಿದರು. "ಮದುವೆ ಸೀರೆ ಐತಲ್ಲಮ್ಮ ಮಗ್ಗದ ಮೇಲೆ. ಭಾನುವಾರ ಬೆಳಿಗ್ಗೆ ಸಾಹುಕಾರ್ರು ಆಳು ಕಳಿಸ್ತಾರೆ ಇಸ್ಕೊಳ್ಳೋಕೆ. ಸೀರೆ ಇಳಿಸಿ ಹೋಗು. ಬೇಡ ಅನ್ನಲ್ಲ."

ಸಾಹುಕಾರರೆಂದರೆ ನಮಗೆ ರೇಷ್ಮೆ ಕೊಟ್ಟು ಸೀರೆ ತೆಗೆದುಕೊಳ್ಳುವವರು. ನಾನು ಲೆಕ್ಕ ಹಾಕಿದೆ. ದಿನಾ ಹೀಗೇ ನೇಯ್ದರೆ ಶುಕ್ರವಾರವೇ ಸೀರೆ ಮಗ್ಗದಿಂದ ಇಳಿಯುತ್ತದೆ. ಬೇಡ ಅನ್ನಲ್ಲ ಅಂದರಲ್ಲ ಅಂತ ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ. ನಮ್ಮ ಯಜಮಾನರು ಊಟ ಮಾಡುತ್ತಾ, "ಆ ಅಳೋ ಮ್ಯೂಸಿಕ್ ಕೇಳೋಕೆ ಬೆಂಗ್ಳೂರಿಗೆ ಯಾಕೆ, ಇಲ್ಲೇ ಕೂತ್ಕೊಂಡು ಈರುಳ್ಳಿ ಹೆಚ್ಚು" ಅಂದರು. ಆದರೂ ಶನಿವಾರ ಚಳ್ಳಕೆರೆವರೆಗೆ ಆಟೋದಲ್ಲಿ ಬಿಡುತ್ತೇನೆ ಅಂತ ಒಪ್ಪಿಕೊಂಡರು.

ಆ ವಾರ ಸೋಮವಾರ ನೇಯಲು ಕೂತಾಗ ಕಿವಿಗೆ ವೈರು ಸಿಕ್ಕಿಸಿಕೊಂಡೆ. ಅಲ್ಲಿಯವರೆಗೆ ನೇಯುವಾಗ ಸಂಗೀತ ಹಾಕಿದವಳೇ ಅಲ್ಲ, ಅಡುಗೆ ಮನೆಯಲ್ಲಿ, ಬಟ್ಟೆ ಒಗೆಯುವಾಗ ಕೇಳುತ್ತಿದ್ದೆ ಅಷ್ಟೇ. ಆದರೆ ಶನಿವಾರಕ್ಕೆ ಮೊದಲು ಆ ರಚನೆಯ ಪ್ರತಿಯೊಂದು ತಿರುವೂ ನನಗೆ ಬಾಯಿಪಾಠವಾಗಬೇಕಿತ್ತು. ಯಾವ ಸುತ್ತಿನಲ್ಲಿ ಕೊಳಲು ಬರುತ್ತದೆ, ಎಲ್ಲಿ ಎಲ್ಲರೂ ಸುಮ್ಮನಾಗಿ ಒಂದೇ ಪಿಟೀಲು ಉಳಿಯುತ್ತದೆ, ಎಲ್ಲ. ಮದುವೆಗೆ ಹೋಗುವವರು ಯಾರ್ಯಾರು ಬರುತ್ತಾರೆ ಅಂತ ಮೊದಲೇ ತಿಳಿದುಕೊಂಡು ಹೋಗುತ್ತಾರಲ್ಲ, ಹಾಗೆ.

ದೇವರೇ, ಎಷ್ಟು ಸುಖವಾಗಿತ್ತು! ಮಗ್ಗದ ತುಳಿಯುವ ಹಲಗೆಗಳ ಮೇಲೆ ನನ್ನ ಕಾಲು, ಕಿವಿಯಲ್ಲಿ ಆ ಗಿಡ್ಡ ಸಾಲು. ಅದು ಮುಗಿದರೆ ಮತ್ತೆ ಹಾಕುವುದು, ಮತ್ತೆ ಹಾಕುವುದು. ಮದುವೆಯಾಗಿ ಬಂದಾಗಿನಿಂದ ಮೊದಲ ಸಲ ಗುಂಡಿಯಲ್ಲಿ ಕೂತಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ಕೈ ತಾನಾಗಿ ನಡೆಯುತ್ತಿತ್ತು. ಅತ್ತೆ ಒಂದೆರಡು ಸಲ ತಲೆಯೆತ್ತಿ ನನ್ನ ಕಡೆ ನೋಡಿದರು. ವೈರು ಕಂಡು ಬೇಸರ ಇರಬಹುದು ಅಂದುಕೊಂಡೆ. ಅವರು ಏನೂ ಹೇಳಲಿಲ್ಲ. ಮಂಗಳವಾರವೂ ಹಾಗೇ ನೇಯ್ದೆವು, ಬುಧವಾರವೂ ಅಷ್ಟೇ.

ನೇಯ್ದ ಬಟ್ಟೆಯನ್ನು ನಾವು ಮಡಿಲ ಮುಂದಿನ ಮರದ ದಿಂಡಿಗೆ ಸುತ್ತುತ್ತಾ ಹೋಗುತ್ತೇವೆ. ನೇಯುವವರ ಕಣ್ಣಿಗೆ ಕಾಣುವುದು ಒಂದು ಗೇಣು ಬಟ್ಟೆ ಮಾತ್ರ. ಬುಧವಾರ ಸಂಜೆ ಅತ್ತೆ, "ದಿಂಡು ಬಿಚ್ಚು, ಒಂದ್ಸಲ ನೋಡಾಣ" ಅಂದರು. ಬಿಚ್ಚಿದೆವು. ಬಾಗಿಲಿಂದ ಬರುವ ಬಿಸಿಲಿಗೆ ಅಡ್ಡವಾಗಿ ಬಟ್ಟೆಯನ್ನು ಬಿಗಿಹಿಡಿದರು.

ನೇರಳೆ ಒಡಲಿನಲ್ಲಿ ಅಡ್ಡಡ್ಡ ಪಟ್ಟೆ ಬಿದ್ದಿತ್ತು. ಒಂದಷ್ಟು ಅಗಲ ತೆಳ್ಳಗೆ, ಬೆಳಕು ತೂರಿ ಬರುವ ಹಾಗೆ. ಆಮೇಲೆ ಬರಬರುತ್ತಾ ದಟ್ಟ, ಇನ್ನೂ ದಟ್ಟ, ಕಪ್ಪನೆಯ ನೇರಳೆ. ಆಮೇಲೆ ತಟ್ಟನೆ ಮತ್ತೆ ತೆಳ್ಳಗೆ. ಮತ್ತೆ ಅದೇ, ಮತ್ತೆ ಅದೇ. ಸೋಮವಾರ ಶುರುವಾಗಿ ಆವತ್ತಿನವರೆಗೆ ಒಂದೂವರೆ ಮೊಳ.

ನನಗೆ ನೋಡಿದ ಕೂಡಲೇ ಅರ್ಥವಾಯಿತು. ಒಂಟಿ ಪಿಟೀಲು ಇದ್ದಲ್ಲಿ ನನ್ನ ಪೆಟ್ಟು ಮೆತ್ತಗಾಗಿತ್ತು. ಒಬ್ಬೊಬ್ಬರೇ ಬಂದು ಸೇರುತ್ತಾ ಹೋದ ಹಾಗೆ ಪೆಟ್ಟು ಬಿಗಿಯಾಗಿತ್ತು. ಹಿತ್ತಾಳೆ ವಾದ್ಯ ಎದ್ದಾಗಲೆಲ್ಲ ನಾನು ಮೈಮೇಲೆ ಬಂದವಳ ಹಾಗೆ ಬಡಿದಿದ್ದೆ. ನೂರು ಜನರ ಆರ್ಕೆಸ್ಟ್ರಾ ಸಾಹುಕಾರರ ರೇಷ್ಮೆಯಲ್ಲಿ ಹೊಕ್ಕು ಕೂತಿತ್ತು. ಯಾರದೋ ಮಗಳು ಅದನ್ನು ಉಟ್ಟು ಧಾರೆಗೆ ನಿಂತರೆ ಮಂಟಪದಲ್ಲಿದ್ದವರೆಲ್ಲ, "ಇದೇನ್ರಿ ಸೀರೆ, ತೊಳೆದು ಬಣ್ಣ ಬಿಟ್ಟಂಗೈತೆ" ಅನ್ನುತ್ತಾರೆ.

ಸಿಟ್ಟು ಬಂದರೆ ಅತ್ತೆಯ ಮಾತು ತೆಲುಗಿಗೆ ಹೋಗುತ್ತದೆ. ಅವತ್ತು ಹೋಗಲಿಲ್ಲ. ಕನ್ನಡದಲ್ಲೇ, ಮೆಲ್ಲಗೆ, "ಬಿಚ್ಚಬೇಕಮ್ಮ" ಅಂದರು.

ಬಿಚ್ಚುವುದು ಅಂದರೆ ನೇಯ್ದದ್ದನ್ನು ಎಳೆ ಎಳೆಯಾಗಿ ಹಿಂದಕ್ಕೆ ತೆಗೆಯುವುದು. ಉದ್ದಕ್ಕೆ ಇರುವ ಹಾಸಿನ ಎಳೆ ತುಂಡಾಗದ ಹಾಗೆ, ಅಡ್ಡ ಬಂದ ಹೊಕ್ಕಿನ ಎಳೆಯನ್ನು ಸೂಜಿಯಲ್ಲಿ ಎತ್ತಿ ಎಳೆಯಬೇಕು. ನೇಯುವುದಕ್ಕಿಂತ ನಾಜೂಕಿನ ಕೆಲಸ. ಹಗಲು ರಾತ್ರಿ ಕೂತರೂ ಬಿಚ್ಚಿ, ಮತ್ತೆ ನೇಯ್ದು, ಸೆರಗು ಮುಗಿಸುವ ಹೊತ್ತಿಗೆ ಭಾನುವಾರ ಬೆಳಗಾಗುತ್ತದೆ. ಬೇರೆ ಯಾರನ್ನಾದರೂ ಕೂರಿಸೋಣ ಅಂದರೆ ಪೆಟ್ಟು ಮತ್ತೆ ಬದಲಾಗುತ್ತದೆ. ಈ ಸೀರೆ ನನ್ನ ಕೈಯಲ್ಲೇ ಮುಗಿಯಬೇಕು. ಇದನ್ನೆಲ್ಲ ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಂತಲ್ಲೇ ಕುಸಿದು ಕೂತು ಗೋಳೋ ಅಂತ ಅತ್ತುಬಿಟ್ಟೆ. ನಮ್ಮ ಯಜಮಾನರು ಓಡಿ ಬಂದು, ಯಾರಾದರೂ ಸತ್ತರಾ ಅಂತ ಕೇಳಿದರು.

ಗುರುವಾರವೆಲ್ಲ ಬಿಚ್ಚಿದ್ದೇ ಆಯಿತು. ಶುಕ್ರವಾರವೂ ಮಧ್ಯಾಹ್ನದವರೆಗೆ ಅದೇ ಕೆಲಸ. ಗೆಳತಿ ಫೋನ್ ಮಾಡಿದಾಗ, "ಸೀರೆ ಕೆಟ್ಟೋಯ್ತು ಕಣೇ, ಬರೋಕಾಗಲ್ಲ" ಅಂದೆ. ಅವಳು ಬೈದಳು. "ಒಂದು ದಿನ ಬಿಟ್ಟು ಬರೋಕಾಗಲ್ವಾ? ನಿನ್ನನ್ನೇನು ಕಟ್ಟಿ ಹಾಕಿದಾರಾ?" ಅಂದಳು. ಹೌದು ಅನ್ನಬೇಕೆನಿಸಿತು. ಫೋನ್ ಇಟ್ಟೆ. ಶನಿವಾರ ವ್ಯಾನು ಹೊರಡುವ ಹೊತ್ತಿಗೆ ನಾನು ಗುಂಡಿಯಲ್ಲಿದ್ದೆ. ಸಂಜೆ ಅಲ್ಲಿ ದೀಪ ಆರಿ ನೂರು ಜನ ವಾದ್ಯ ಎತ್ತಿಕೊಳ್ಳುವ ಹೊತ್ತಿಗೂ ಗುಂಡಿಯಲ್ಲೇ ಇದ್ದೆ. ಕಿವಿಯಲ್ಲಿ ವೈರು ಇರಲಿಲ್ಲ. ಆ ರಚನೆಯನ್ನು ಮೊಬೈಲಿನಿಂದಲೇ ಅಳಿಸಿ ಹಾಕಿದ್ದೆ.

ಭಾನುವಾರ ಬೆಳಿಗ್ಗೆ ಗೆಳತಿಯ ಮೆಸೇಜು ಬಂತು. "ನೀನು ಹೇಳಿದ್ದೇ ಸರಿ ಕಣೇ. ತುಪ್ಪ ಬೇಕು. ನಾನೂ ಅತ್ತುಬಿಟ್ಟೆ. ಎದೆಗೂಡು ಅಲ್ಲಾಡಿತು." ಓದಿ ನನಗೆ ಖುಷಿಯಾಗಲಿಲ್ಲ, ಹೊಟ್ಟೆ ಉರಿಯಿತು. ಅಷ್ಟು ವರ್ಷ ಮೂಗು ಮುರಿದವಳಿಗೆ ಸಿಕ್ಕಿತು. ಅದಕ್ಕಾಗಿ ಜಗಳವಾಡಿದವಳಿಗೆ ಬೀದಿಯ ಕಾಲುಗಳು ಸಿಕ್ಕವು. ಉತ್ತರ ಬರೆಯಲಿಲ್ಲ. ಸಾಹುಕಾರರ ಕಡೆಯವನು ಬಂದು ಸೀರೆ ಬಿಡಿಸಿ ನೋಡಿ, "ಬಾಳ ಚೆನ್ನಾಗ್ ಬಂದೈತೆ" ಅಂತ ಮಡಚಿಕೊಂಡು ಹೋದ.

ಸೋಮವಾರ ಹೊಸ ಹಾಸು ಬಂತು. ಹೊಸದನ್ನು ಮಗ್ಗಕ್ಕೆ ಏರಿಸುವಾಗ ನಾವು ಹಳೆಯದನ್ನು ಪೂರ್ತಿ ತೆಗೆದುಬಿಡುವುದಿಲ್ಲ. ಹಳೆಯ ಹಾಸಿನ ಒಂದಷ್ಟು ಬಾಲವನ್ನು ಮಗ್ಗದಲ್ಲೇ ಉಳಿಸಿ, ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸುತ್ತೇವೆ. ಅದಕ್ಕೆ ಕೆಚ್ಚುವುದು ಅಂತಾರೆ. ಆದ್ದರಿಂದ ನಮ್ಮ ಮಗ್ಗ ಖಾಲಿ ಅಂತ ಆಗುವುದೇ ಇಲ್ಲ. ಅತ್ತೆ ಒಂದು ಕಡೆ ಕೂತು ಎಳೆ ಆರಿಸಿ ಚಾಚುತ್ತಾರೆ, ನಾನು ಎದುರಿಗೆ ಕೂತು ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯುತ್ತೇನೆ. ಸಾವಿರಾರು ಎಳೆ. ಮಾತಿಗೆ ಒಳ್ಳೆಯ ಹೊತ್ತು ಅದು, ಆದರೆ ನಾನು ನಾಲ್ಕು ದಿನದಿಂದ ಮಾತು ಬಿಟ್ಟಿದ್ದೆ.

"ವೈರು ಎಲ್ಲಮ್ಮ?" ಅಂದರು ಅತ್ತೆ.

"ತೆಗೆದಿಟ್ಟೆ."

"ಯಾಕೆ?"

"ಯಾಕೆ ಅಂತೀರಲ್ಲ ಅತ್ತೆ. ಅದರಿಂದಾನೇ ಅಲ್ವಾ ಸೀರೆ ಕೆಟ್ಟಿದ್ದು? ನಂದೇ ತಪ್ಪು. ಇನ್ಮೇಲೆ ಕೇಳಲ್ಲ."

ಅವರು ಎಳೆ ಚಾಚಿದರು, ನಾನು ಹೊಸೆದೆ. ಇನ್ನೊಂದು ಚಾಚಿದರು. ಆಮೇಲೆ ಎಳೆಗಳ ಮೇಲೇ ಕಣ್ಣಿಟ್ಟುಕೊಂಡು, "ನಂಗೆ ಹೋದ ಸೋಮವಾರನೇ ಗೊತ್ತಾಗಿತ್ತು" ಅಂದರು.

"ಏನು?"

"ಪೆಟ್ಟು ಬದಲಾಗೈತೆ ಅಂತ. ಕೂತು ಒಂದು ಗಳಿಗೆ ಆಗಿರ್ಲಿಲ್ಲ. ಬಲಗಡೆ ಕೂತು ಕೂತು ಮುದುಕಿ ಆಗಿದೀನಿ ಕಣಮ್ಮ, ಪಕ್ಕದಲ್ಲಿರೋರ ಕೈ ಗೊತ್ತಾಗಲ್ವಾ ನಂಗೆ?"

ಸೋಮವಾರ ಹೇಳಿದ್ದರೆ ಬಿಚ್ಚಬೇಕಾಗಿದ್ದುದು ನಾಲ್ಕು ಬೆರಳು. ಊಟದ ಹೊತ್ತಿಗೆ ಮುಗಿಯುತ್ತಿತ್ತು. ಶುಕ್ರವಾರ ಸೀರೆ ಇಳಿಯುತ್ತಿತ್ತು. ಶನಿವಾರ ನಾನು ವ್ಯಾನಿನಲ್ಲಿರುತ್ತಿದ್ದೆ.

"ಮತ್ತೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಹೋಗ್ತಿದ್ದೆ."

"ಹೋಗಿ ಬರ್ತಿದ್ನಲ್ಲ! ಒಂದು ರಾತ್ರಿ ಅತ್ತೆ! ಭಾನುವಾರ ಬೆಳಿಗ್ಗೆ ಬಂದು ಇದೇ ಗುಂಡೀಲಿ ಕೂರ್ತಿದ್ದೆ. ನಾನು ವಾಪಸ್ ಬರಲ್ಲ ಅಂತ ಯಾಕಂದ್ಕೊಂಡ್ರಿ?"

ಎದ್ದು ಹೋಗಬೇಕು, ಆ ಹಾಸನ್ನೆಲ್ಲ ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು. ಆದರೆ ಅರ್ಧ ಹೊಸೆದ ಎಳೆ ಬೆರಳಲ್ಲಿತ್ತು. ಅದರ ಇನ್ನೊಂದು ತುದಿ ಅವರ ಕೈಯಲ್ಲಿತ್ತು. ಅತ್ತೆ ಅವತ್ತು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು.

"ನಾನಾಗಿದ್ರೆ ಬರ್ತಿರ್ಲಿಲ್ಲಮ್ಮ" ಅಂದರು.

ಆಮೇಲೆ ಮುಂದಿನ ಎಳೆ ಚಾಚಿದರು. ನಾನು ತೆಗೆದುಕೊಂಡೆ.